ವೋಲ್ಟೇಜ್ ಏರಿಸುವ ಮೊದಲು ಅದು ಎಲ್ಲಿ ಇಳಿಯುತ್ತಿದೆ ನೋಡಿ

ದೀಪ ಮಂಕಾದ ಕೂಡಲೇ ಸ್ಟೆಬಿಲೈಸರ್ ತರುವವರೇ ಜಾಸ್ತಿ. ವೈರಿಂಗ್ ಕೆಲಸದವರು ಮೊದಲು ತೆಗೆಯುವುದು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್. ಕೊನೆಯ ಸಾಕೆಟ್ಟಿನಲ್ಲಿ ಇಸ್ತ್ರಿಪೆಟ್ಟಿಗೆ ಹಾಕಿ, ಅದು ಕಾಯುತ್ತಿರುವಾಗಲೇ ಆ ಸಾಕೆಟ್ಟಿನಲ್ಲೂ ಮೇನ್ ಸ್ವಿಚ್ಚಿನಲ್ಲೂ ಅಳೆಯಬೇಕು. ಲೋಡ್ ಇಲ್ಲದಿದ್ದರೆ ಸಡಿಲ ಜಾಯಿಂಟ್ ಕೂಡ 230 ತೋರಿಸಿಬಿಡುತ್ತದೆ.

ಮೇನ್‌ನಲ್ಲಿ 225 ಇದ್ದು ಸಾಕೆಟ್ಟಿನಲ್ಲಿ 205 ಬಂದರೆ ತಪ್ಪು ಮನೆಯೊಳಗೇ ಇದೆ. 1.5 ಚದರ ಮಿ.ಮೀ. ತಾಮ್ರದ ವೈರಿನ ರೋಧ ಮೀಟರಿಗೆ ಸುಮಾರು 0.012 ಓಮ್. 30 ಮೀಟರ್ ದೂರ ಎಂದರೆ ಹೋಗಿಬರುವ ವೈರು 60 ಮೀಟರ್. 10 ಆಂಪಿಯರ್ ಎಳೆದರೆ ಏಳು ವೋಲ್ಟ್ ಅಲ್ಲೇ ಹೋಯಿತು. 4 ಚದರ ಮಿ.ಮೀ. ವೈರು ಹಾಕಿದರೆ ಮೂರಕ್ಕಿಂತ ಕಡಿಮೆ. ಏಳರ ಜಾಗದಲ್ಲಿ ಇಪ್ಪತ್ತು ಇಳಿದರೆ ಯಾವುದೋ ಜಾಯಿಂಟ್ ಸುಡುತ್ತಿದೆ ಎಂದೇ ಅರ್ಥ. ಮೇನ್ ಆಫ್ ಮಾಡಿ ಸ್ಕ್ರೂ ಬಿಗಿ ಮಾಡಿ. ಕಪ್ಪಾದ ತುದಿಯನ್ನು ಕತ್ತರಿಸಿ ಹೊಸದಾಗಿ ಸುಲಿದು ಕೂರಿಸಿ.

ಮೇನ್‌ನಲ್ಲೇ 190 ಇದ್ದರೆ ಬೂಸ್ಟರ್ ಕಟ್ಟಬಹುದು, ಅಂದರೆ ಬರುವ ವೋಲ್ಟೇಜಿಗೆ ಇನ್ನಷ್ಟು ಸೇರಿಸಿ ಕೊಡುವ ಜೋಡಣೆ. 230 ವೋಲ್ಟ್ ಪ್ರೈಮರಿ (ಕರೆಂಟು ಒಳಬರುವ ಸುರುಳಿ), 24 ವೋಲ್ಟ್ 5 ಆಂಪಿಯರ್ ಸೆಕೆಂಡರಿ (ಹೊರಕೊಡುವ ಸುರುಳಿ) ಇರುವ ಟ್ರಾನ್ಸ್‌ಫಾರ್ಮರ್ ಸಾಕು. ಪ್ರೈಮರಿಯನ್ನು ಫೇಸ್-ನ್ಯೂಟ್ರಲ್‌ಗೆ ಕೊಟ್ಟು, ಸೆಕೆಂಡರಿಯನ್ನು ಫೇಸಿನ ದಾರಿಯಲ್ಲಿ ಸೀರೀಸ್ ಹಾಕಬೇಕು. 190ಕ್ಕೆ ಸುಮಾರು 20 ಸೇರಿ 210 ಸಿಗುತ್ತದೆ. ಕಡಿಮೆಯಾಗಿ 170 ಬಂದರೆ ಸೆಕೆಂಡರಿಯ ಎರಡು ತುದಿ ಅದಲುಬದಲು ಮಾಡಿ. 120 ವಿಎ (24 ವೋಲ್ಟ್ × 5 ಆಂಪಿಯರ್) ಟ್ರಾನ್ಸ್‌ಫಾರ್ಮರ್ ಸಾವಿರ ವಾಟ್ ಲೋಡ್ ಹೊರುವುದು ಹೇಗೆಂದರೆ, ಅದು ಹೊರುವುದು ಸೇರಿಸಿದ 20 ವೋಲ್ಟಿನ ಭಾರ ಮಾತ್ರ.

ಹೆಚ್ಚಿನವರು ಎಡವುವುದು ಸ್ವಿಚ್ ಹಾಕುವಲ್ಲಿ. ಪ್ರೈಮರಿಗೆ ಮಾತ್ರ ಸ್ವಿಚ್ ಅಥವಾ ಫ್ಯೂಸ್ ಇಟ್ಟರೆ, ಅದು ಬಿಟ್ಟುಹೋದಾಗ ಸೆಕೆಂಡರಿಯಲ್ಲಿ ಹರಿಯುವ ಕರೆಂಟು ಪ್ರೈಮರಿಯ ತುದಿಗಳಲ್ಲಿ ಅಪಾಯದ ವೋಲ್ಟೇಜ್ ಎಬ್ಬಿಸುತ್ತದೆ. 5 ಆಂಪಿಯರ್ ಫ್ಯೂಸ್ ಎಲ್ಲಕ್ಕಿಂತ ಮುಂಚೆ, ಒಳಬರುವ ಫೇಸಿನಲ್ಲಿ ಇರಲಿ. ಲೋಡನ್ನು ನೇರ ಲೈನಿಗೋ ಬೂಸ್ಟರಿಗೋ ತಿರುಗಿಸಲು ನಡುವೆ ಆಫ್ ಇರುವ ಚೇಂಜ್‌ಓವರ್ ಸ್ವಿಚ್ ಹಾಕಿ. ರಾತ್ರಿ ಲೈನ್ 240 ಆದಾಗ ಬೂಸ್ಟರ್ 265 ಕೊಡುತ್ತದೆ, ಆದ್ದರಿಂದ ವೋಲ್ಟೇಜ್ ಮಿತಿ ಮೀರಿದರೆ ತಾನೇ ಲೈನ್ ಕಡಿಯುವ ಓವರ್‌ವೋಲ್ಟೇಜ್ ಕಟ್‌ಆಫ್ ಇಲ್ಲದೆ ಬಿಡಬೇಡಿ. 24 ವೋಲ್ಟ್ ಎಂದು ಸೆಕೆಂಡರಿ ಮುಟ್ಟುವ ಹಾಗೂ ಇಲ್ಲ, ಅದು ಫೇಸಿಗೇ ಕೂತಿದೆ. ಅರ್ತ್ ಮಾಡಿದ ಮುಚ್ಚಿದ ಡಬ್ಬಿಯೊಳಗೇ ಇಡಿ. ಫೇಸ್-ನ್ಯೂಟ್ರಲ್ ಗುರುತಿಸಲು ಬಾರದವರು ಇದಕ್ಕೆ ಕೈ ಹಾಕಬಾರದು.

ಏನೂ ಕಟ್ಟದೆಯೂ ಸ್ವಲ್ಪ ನಿಭಾಯಿಸಬಹುದು. 180 ವೋಲ್ಟಿನಲ್ಲಿ ಸಾವಿರ ವಾಟ್ ಹೀಟರ್ ಸುಮಾರು 610 ವಾಟ್ ಮಾತ್ರ ಕೊಡುತ್ತದೆ: ನೀರು ತಡವಾಗಿ ಕಾಯುತ್ತದೆ, ಹೀಟರಿಗೆ ಕೇಡಿಲ್ಲ. ಫ್ರಿಜ್ ಹಾಗಲ್ಲ. ಕಂಪ್ರೆಸರ್ ತಿರುಗಲಾರದೆ ಗುಂಯ್ ಎಂದು, ಟಕ್ ಎಂದು ನಿಂತು, ಮತ್ತೆ ಶುರುವಾಗಲು ನೋಡುತ್ತಿದ್ದರೆ ಪ್ಲಗ್ ಕಿತ್ತುಬಿಡಿ, ಮೋಟಾರಿನ ವೈಂಡಿಂಗ್ (ತಂತಿಯ ಸುರುಳಿ) ಸುಡದೆ ಉಳಿಯುತ್ತದೆ. ಫ್ಯಾನ್ ನಿಧಾನವಾದರೆ ಕೆಪಾಸಿಟರ್ ಬದಲಿಸಿ ನೋಡಿ, ಆದರೆ 2.5 ಮೈಕ್ರೋಫ್ಯಾರಡ್ ಇದ್ದಲ್ಲಿ ಅಷ್ಟೇ ಹಾಕಿ.

ಒಂದು ಕೋಣೆಯ ದೀಪ ಮಂಕಾಗಿ ಇನ್ನೊಂದರದ್ದು ಕಣ್ಣು ಕುಕ್ಕುವಂತೆ ಉರಿದರೆ ಇದ್ಯಾವುದೂ ಬೇಡ. ಬಹುಮಟ್ಟಿಗೆ ಅದು ಬಿಟ್ಟುಹೋದ ನ್ಯೂಟ್ರಲ್. ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ಹೇಳಿ.