ಕೊಳಲು, ಮೊಬೈಲು ಮತ್ತು ಆಷಾಢ

ಅರವತ್ತು ದಾಟಿದ ಮೇಲೆ ಒಬ್ಬನೇ ಕೊಳಲು ನುಡಿಸಿ ಬದುಕೋದು ಹೇಗೆ ಅಂತ ಕೇಳ್ತಾರೆ. ಸಂಗೀತ ಕಚೇರಿಯಿಂದ ಅಂತೂ ಅಲ್ಲ. ಬೆಂಗಳೂರಿನಲ್ಲಿ ರಾಮನವಮಿ ಸಮಯಕ್ಕೆ ಕಚೇರಿ ಏರ್ಪಡಿಸೋ ಸಭೆಗಳಿಗೆ ಬರವಿಲ್ಲ, ಆದರೆ ಪಿಟೀಲು, ಮೃದಂಗದವರಿಗೆ ಕೊಟ್ಟು, ಆಟೋದವನಿಗೂ ಕೊಟ್ಟ ಮೇಲೆ ನನಗೆ ಉಳಿಯೋದು ಶಾಲು, ಹಣ್ಣಿನ ಬುಟ್ಟಿ.

ದುಡ್ಡು ಇರೋದು ಮದುವೆ ರಿಸೆಪ್ಶನ್‌ನಲ್ಲಿ. ಮೊಬೈಲ್‌ನಲ್ಲಿ ತಂಬೂರಿ ಆ್ಯಪ್, ಸಣ್ಣ ಸ್ಪೀಕರ್, ಹಳೆಯ ಸಿನಿಮಾ ಹಾಡುಗಳ ಟ್ರ್ಯಾಕ್, ಅಷ್ಟೇ. ಯಾರೂ ಕೇಳಲ್ಲ, ಊಟ ಮಾಡ್ತಾರೆ. ನನಗೇನೂ ಬೇಜಾರಿಲ್ಲ. ಮುಂಗಡ ಮಾತ್ರ ಮೊದಲೇ ತಗೊಳ್ತೀನಿ. ಆಷಾಢ, ಧನುರ್ಮಾಸದಲ್ಲಿ ಮದುವೆಗಳೇ ಇಲ್ಲ, ಆಗ ಮನೆ ನಡೆಯೋದು ಪಾಠದಿಂದ.

ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಬೇಸಿಗೆಯಲ್ಲಿ ಶನಿವಾರ ಸಂಜೆ ಆರು ಅಂದ್ರೆ ನಮಗೆ ಭಾನುವಾರ ಬೆಳಗ್ಗೆ ಆರೂವರೆ. ಕಾಫಿ ಕುಡಿದು ಕೂತ್ಕೋತೀನಿ. ಜೂಮ್‌ನಲ್ಲಿ ಶಬ್ದ ತಡವಾಗಿ ತಲುಪೋದರಿಂದ ಇಬ್ಬರೂ ಒಟ್ಟಿಗೆ ನುಡಿಸಿದರೆ ತಾಳ ಕೆಡುತ್ತೆ, ಹಾಗಾಗಿ ನಾನು ನುಡಿಸೋದು, ಆಮೇಲೆ ಅವರು. ಇನ್ನೊಂದು ವಿಷಯ, ಅದರಲ್ಲಿ ಒರಿಜಿನಲ್ ಸೌಂಡ್ ಅನ್ನೋ ಸೆಟ್ಟಿಂಗ್ ಆನ್ ಮಾಡದಿದ್ದರೆ ಅದು ಕೊಳಲನ್ನೇ ಗದ್ದಲ ಅಂದ್ಕೊಂಡು ಕತ್ತರಿಸಿಬಿಡುತ್ತೆ!

ನಿಜವಾದ ಭಯ ಹಲ್ಲಿನದು. ಮುಂದಿನ ಹಲ್ಲು ಹೋದರೆ ತುಟಿಗೆ ಆಧಾರ ಹೋಗಿ ನಾದವೇ ಬದಲಾಗುತ್ತೆ, ಕಟ್ಟಿಸಿಕೊಂಡರೂ ಮತ್ತೆ ಸರಳೆಯಿಂದ, ಅಂದ್ರೆ ಸರಿಗಮದ ಮೊದಲ ಪಾಠದಿಂದ ಶುರು. ಅದಕ್ಕೇ ಡೆಂಟಿಸ್ಟ್ ಖರ್ಚನ್ನೂ ನಾನು ವಾದ್ಯದ ರಿಪೇರಿ ಲೆಕ್ಕಕ್ಕೇ ಬರೆಯೋದು. ಕಷ್ಟದಲ್ಲಿರೋ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನ ಇದೆ, ನಾಚಿಕೆ ಬಿಟ್ಟು ಅರ್ಜಿ ಹಾಕಿ. ಹಳೆಯ ಆಮಂತ್ರಣ ಪತ್ರಿಕೆಗಳನ್ನೆಲ್ಲ ರದ್ದಿಗೆ ಹಾಕಬೇಡಿ, ಅನುಭವಕ್ಕೆ ದಾಖಲೆ ಕೇಳ್ತಾರೆ.