ನಿಮ್ಮ ಸ್ವಾತಂತ್ರ್ಯದ ಹಾಡು ಯಾವುದು?

ಈ ಸಲದ ಆಗಸ್ಟ್ 15ರ ಬೆಳಿಗ್ಗೆ ನೆರೆಮನೆಯ ಅಜ್ಜ ತಂತಿಬೇಲಿಯ ಮೇಲೆ ಮೊಣಕೈ ಊರಿ ನಿಂತು ಕೇಳಿದ ಪ್ರಶ್ನೆಯೊಂದು ಇನ್ನೂ ನನ್ನ ಮನಸ್ಸನ್ನು ಬಿಟ್ಟಿಲ್ಲ. ‘ಮಗಳೇ, ಇವತ್ತು ನಿಮ್ಮ ದೇಶದ ದಿನವಲ್ಲವೇ? ಮನೆಯೊಳಗಿಂದ ಸದ್ದೇ ಇಲ್ಲವಲ್ಲ! ಸ್ವಾತಂತ್ರ್ಯದ ದಿನ ನೀವು ಯಾವ ಹಾಡಿಗೆ ಕುಣಿಯುತ್ತೀರಿ?’ ನಾನು ಉತ್ತರಕ್ಕೆ ತಡವರಿಸುತ್ತಿರುವಾಗಲೇ ಏಳು ವರ್ಷದ ನನ್ನ ಮಗಳು, ಅಮ್ಮನಿಗೆ ಹೊಳೆಯದ್ದು ತನಗೆ ಹೊಳೆಯಿತೆಂಬ ಹುರುಪಿನಲ್ಲಿ, ಹೇಳಿಯೇಬಿಟ್ಟಳು: ‘ಅಜ್ಜಾ, ನಮ್ಮಲ್ಲಿ ಕುಣಿಯುವುದಿಲ್ಲ. ಅಲುಗಾಡದೆ ನಿಲ್ಲಬೇಕು.’

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವಳಿಗೆ ಹಾಗೆ ಕಲಿಸಿದವಳು ನಾನೇ. ಆದರೂ ಆ ಮಾತು ಕೇಳಿದ ಕೂಡಲೇ ಒಳಗೆಲ್ಲೋ ಚುಳ್ ಎಂದಿತು. ನಾವೀಗ ಇರುವ ಜಮೈಕಾದ ಕಿಂಗ್‌ಸ್ಟನ್ನಿಗೂ ನಮ್ಮ ಬೈಲಹೊಂಗಲಕ್ಕೂ ನಡುವೆ ಹತ್ತೂವರೆ ಗಂಟೆಗಳ ಅಂತರವಿರುವುದರಿಂದ, ಇಲ್ಲಿಯ 14ರ ರಾತ್ರಿ ನಾವು ಊಟ ಮುಗಿಸಿ ಪಾತ್ರೆ ತೊಳೆಯುವ ಹೊತ್ತಿಗೇ ಊರಿನಲ್ಲಿ 15ರ ಧ್ವಜಾರೋಹಣ ನಡೆದಿರುತ್ತದೆ. ಮೊಬೈಲಿಗೆ ತ್ರಿವರ್ಣದ ಚಿತ್ರಗಳು ಒಂದರ ಹಿಂದೆ ಒಂದು ಬಂದು ಬೀಳುತ್ತವೆ. ನಾವೂ ಒಂದೆರಡನ್ನು ಅತ್ತ ಕಳಿಸುತ್ತೇವೆ. ಬೆಳಗಾಗುವಷ್ಟರಲ್ಲಿ ನಮ್ಮ ಪಾಲಿನ ಹಬ್ಬ ಮುಗಿದೇ ಹೋಗಿರುತ್ತದೆ. ಸದ್ದೇ ಇಲ್ಲವೆಂದು ಅಜ್ಜ ಆಶ್ಚರ್ಯಪಟ್ಟದ್ದರಲ್ಲಿ ತಪ್ಪಿಲ್ಲ, ಏಕೆಂದರೆ ಅದಕ್ಕೆ ಒಂಬತ್ತು ದಿನಗಳ ಹಿಂದೆ ಅವರ ಮನೆಯಂಗಳದಲ್ಲಿ ನಾವು ಕಂಡದ್ದೇ ಬೇರೆ.

ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಅದಕ್ಕೂ ಮೊದಲು ಬರುವ ಆಗಸ್ಟ್ 1 ಇವರಿಗೆ ಇನ್ನೂ ಹಳೆಯ ಬಿಡುಗಡೆಯ ದಿನ. 1838ರಲ್ಲಿ ಆ ದಿನ ಗುಲಾಮಗಿರಿ ಪೂರ್ತಿಯಾಗಿ ಕೊನೆಗೊಂಡಿತು. ಈ ಎರಡು ದಿನಗಳ ನಡುವಿನ ವಾರವಿಡೀ ಊರಿನ ತುಂಬ ಕಪ್ಪು, ಹಸಿರು, ಹೊನ್ನಿನ ಬಣ್ಣಗಳು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ, ಎಲ್ಲಿ ಕಾಲಿಟ್ಟರೂ ಹಳೆಯ ಹಾಡುಗಳು. ಆರರ ಸಂಜೆ ಅಜ್ಜ ತಮ್ಮ ಅಂಗಳದಲ್ಲಿ, ಇಲ್ಲಿಯವರು ‘ಬಾಂಬೆ’ ಎಂದೇ ಕರೆಯುವ ತಳಿಯ ಮಾವಿನ ಮರದ ಕೆಳಗೆ, ಒಂದು ಮೇಜು ಹಾಕಿ ಅದರ ಮೇಲೆ ಗ್ರಾಮಫೋನ್ ಇಟ್ಟಿದ್ದರು. ನಾನು ಶೇಂಗಾ ಹೋಳಿಗೆ ಮಾಡಿಕೊಂಡು ಹೋಗಿದ್ದೆ. ಅಜ್ಜ ಒಂದನ್ನು ತಿಂದು, ಕೈಯನ್ನು ಎರಡೆರಡು ಸಲ ಒರೆಸಿಕೊಂಡು, ಆಮೇಲಷ್ಟೇ ರೆಕಾರ್ಡಿನ ಪೆಟ್ಟಿಗೆಗೆ ಕೈ ಹಾಕಿದರು.

ಆ ರೆಕಾರ್ಡುಗಳು ಅಂಗೈಗಿಂತ ಸ್ವಲ್ಪ ದೊಡ್ಡವು. ಒಂದೊಂದು ಬದಿಗೆ ಒಂದೊಂದೇ ಹಾಡು. ನಡುವಿನ ತೂತು ಎಷ್ಟು ಅಗಲವೆಂದರೆ ಅದರೊಳಗೆ ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಕೂರಿಸದಿದ್ದರೆ ರೆಕಾರ್ಡು ಕಡ್ಡಿಯ ಮೇಲೆ ನಿಲ್ಲುವುದೇ ಇಲ್ಲ. ಕಾಗದದ ಲಕೋಟೆಗಳೆಲ್ಲ ಹರಿದು, ಕೆಲವಕ್ಕೆ ವೃತ್ತಪತ್ರಿಕೆಯ ಹಾಳೆಯನ್ನೇ ಮಡಚಿ ಹೊದಿಸಿದ್ದರು. ಮುಳ್ಳು ಇಟ್ಟ ಮೇಲೆ ಮೊದಲು ಒಗ್ಗರಣೆ ಸಿಡಿಯುವಂಥ ಚಟಪಟ ಸದ್ದು, ಅದರ ಹಿಂದೆಯೇ ತುತ್ತೂರಿಗಳ ಒಂದು ದಂಡು. ‘ಇದು ಫಾರ್ವರ್ಡ್ ಮಾರ್ಚ್’ ಎಂದರು ಅಜ್ಜ. ಡೆರಿಕ್ ಮಾರ್ಗನ್ 1962ರಲ್ಲಿ, ಬಿಡುಗಡೆಯ ಸಂಭ್ರಮಕ್ಕೆಂದೇ ಹಾಡಿದ್ದು. ಆಗ ಅಜ್ಜನಿಗೆ ಹದಿನಾಲ್ಕು ವರ್ಷ. ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಬ್ರಿಟನ್ನಿನ ರಾಜಕುಮಾರಿ ಮಾರ್ಗರೆಟ್ ಎದುರಿಗೆ ಹಳೆಯ ಬಾವುಟ ಇಳಿದು ಹೊಸದು ಏರುವಾಗ ಒಳಗೆ ಹೋಗಲು ಅವರ ಬಳಿ ಟಿಕೆಟ್ ಇರಲಿಲ್ಲ. ಅವರು ತಮ್ಮ ಓಣಿಯಲ್ಲೇ, ಬೀರುವಿನಷ್ಟು ಎತ್ತರದ ಧ್ವನಿಪೆಟ್ಟಿಗೆಗಳ ಮುಂದೆ, ಬೆಳಗಿನವರೆಗೂ ಕುಣಿದಿದ್ದರಂತೆ. ‘ಬಾವುಟ ಏರಿದ್ದನ್ನು ನಾನು ನೋಡಲಿಲ್ಲ, ಮಗಳೇ. ಈ ಹಾಡು ಬಂದಾಗ ಗೊತ್ತಾಯಿತು’ ಎಂದರು.

ಆ ಹಾಡನ್ನು ಮುದ್ರಿಸಿ ಹೊರತಂದ ಲೆಸ್ಲಿ ಕಾಂಗ್ ಚೀನೀ ಮೂಲದ ಜಮೈಕನ್. ಆರೆಂಜ್ ಸ್ಟ್ರೀಟಿನಲ್ಲಿ ಐಸ್‌ಕ್ರೀಮಿನ ಜೊತೆಗೆ ರೆಕಾರ್ಡುಗಳನ್ನೂ ಮಾರುವ ಅಂಗಡಿ ಇಟ್ಟಿದ್ದವರು. ಬಾಬ್ ಮಾರ್ಲಿ ಎಂಬ ಹುಡುಗನ ಮೊದಲ ಹಾಡನ್ನು ಅದೇ ವರ್ಷ ಹೊರತಂದವರೂ ಅವರೇ. ಆ ವರ್ಷವೇ ಬಂದ ‘ಇಂಡಿಪೆಂಡೆಂಟ್ ಜಮೈಕಾ’ ಎಂಬ ಇನ್ನೊಂದು ಹಾಡನ್ನು ಹಾಡಿದ ಲಾರ್ಡ್ ಕ್ರಿಯೇಟರ್ ಈ ದ್ವೀಪದವರೇ ಅಲ್ಲ, ಟ್ರಿನಿಡಾಡಿನವರು. ಅವರ ಸ್ವಂತ ನಾಡು ಸ್ವತಂತ್ರವಾದದ್ದು ಅದೇ ತಿಂಗಳ ಕೊನೆಗೆ. ಒಂದು ನಾಡಿನ ಬಿಡುಗಡೆಯ ಹಾಡು ಯಾರ ಗಂಟಲಿನಿಂದ ಬಂದರೂ ಸರಿಯೆಂದು ಒಪ್ಪಿಕೊಂಡ ಈ ಜನರ ಮನಸ್ಸು ನನಗೆ ಬಹಳ ದೊಡ್ಡದಾಗಿ ಕಂಡಿತು. ಹಲವರಿಂದ ಒಂದೇ ಜನ ಎಂಬುದು ಈ ದೇಶದ ಧ್ಯೇಯವಾಕ್ಯ. ಅಜ್ಜನ ಪೆಟ್ಟಿಗೆಯಲ್ಲಿ ಅದಕ್ಕೆ ಸಾಕ್ಷಿ ಹಾಡುಹಾಡಿಗೂ ಇತ್ತು.

ಈ ಸಂಗೀತಕ್ಕೆ ಸ್ಕಾ ಎಂದು ಹೆಸರು. ರೆಗೇ ಹುಟ್ಟಿದ್ದು ಇದರ ಮುಂದಿನ ಪೀಳಿಗೆಯಲ್ಲಿ. ಅದರ ಲಯ ನನ್ನ ಮಗಳಿಗೆ ಮೊದಲು ಸಿಗಲಿಲ್ಲ. ಪ್ರತಿ ಪೆಟ್ಟಿಗೂ ಸರಿಯಾಗಿ ಚಪ್ಪಾಳೆ ತಟ್ಟುತ್ತ, ಎಲ್ಲೋ ತಪ್ಪುತ್ತಿದೆಯೆಂದು ಮುಖ ಸಣ್ಣದು ಮಾಡಿಕೊಂಡಳು. ಅಜ್ಜ ಅವಳ ಎರಡೂ ಭುಜ ಹಿಡಿದು ಕಲಿಸಿದರು. ಕಾಲು ನೆಲಕ್ಕೆ ಬೀಳುವುದು ಬೇಸ್ ಗಿಟಾರಿನ ಜೊತೆ. ಭುಜ ಏಳುವುದು ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ, ಗಿಟಾರು ಮತ್ತು ಪಿಯಾನೊ ಚಕ್ ಎಂದು ಬೀಳುವಲ್ಲಿ. ನಮ್ಮ ಸಂಗೀತ ಪಾಠದಲ್ಲಿ ತಾಳದ ಪೆಟ್ಟಿಗೆ ಅರ್ಧ ಎಣಿಕೆ ಬಿಟ್ಟು ಹಾಡು ಎತ್ತಿಕೊಳ್ಳುವುದನ್ನು ಕಲಿಸುತ್ತಾರಲ್ಲ, ಹೆಚ್ಚುಕಡಿಮೆ ಹಾಗೆಯೇ. ಹತ್ತು ನಿಮಿಷದಲ್ಲಿ ಅವಳಿಗೆ ಅದು ಹತ್ತಿತು. ಆಮೇಲೆ ರಾತ್ರಿ ಹನ್ನೊಂದಾದರೂ ಅವಳನ್ನು ಮನೆಗೆ ಕರೆತರುವುದು ಸಾಧ್ಯವಾಗಲಿಲ್ಲ.

ಇಲ್ಲಿಯ ಸರ್ಕಾರವೂ ಈ ಸಂಗೀತವನ್ನು ಕೈಬಿಡಲಿಲ್ಲ. ಸ್ವಾತಂತ್ರ್ಯದ ಹೊತ್ತಿನಲ್ಲಿ ಮಂತ್ರಿಯಾಗಿದ್ದ, ಮುಂದೆ ಪ್ರಧಾನಿಯೂ ಆದ ಎಡ್ವರ್ಡ್ ಸಿಯಾಗಾ ರಾಜಕೀಯಕ್ಕೆ ಬರುವ ಮೊದಲು ರೆಕಾರ್ಡು ಕಂಪನಿ ನಡೆಸಿದವರು. ಅವರು ಆರಂಭಿಸಿದ ಸ್ವಾತಂತ್ರ್ಯೋತ್ಸವದಲ್ಲಿ 1966ರಿಂದ ಹೊಸ ಹಾಡಿನ ಸ್ಪರ್ಧೆಯೂ ಸೇರಿಕೊಂಡಿತು. ಮೊದಲ ವರ್ಷ ಗೆದ್ದದ್ದು ಮೇಟಲ್ಸ್ ಎಂಬ ತಂಡ. 1969ರಲ್ಲಿ ಅದೇ ತಂಡ ಮತ್ತೆ ಗೆದ್ದ ಹಾಡು ಅಜ್ಜನಿಗೆ ಎಲ್ಲಕ್ಕಿಂತ ಪ್ರಿಯ. ಅದರಲ್ಲಿ ದೇಶದ ಹೆಸರಿಲ್ಲ, ಬಾವುಟವಿಲ್ಲ, ವೀರರಿಲ್ಲ. ಹಳ್ಳಿಯ ಮದುವೆಮನೆಯೊಂದರಲ್ಲಿ ಮದುಮಗಳು ಒಂದು ಕೋಣೆಯಲ್ಲಿ ಅಳುತ್ತ ಕೂತಿದ್ದಾಳೆ, ಮದುಮಗ ಇನ್ನೊಂದರಲ್ಲಿ ಹೆದರಿ ಕೂತಿದ್ದಾನೆ, ಅಪ್ಪ, ಅಮ್ಮ, ಮಾವ, ಅತ್ತೆ ಎಲ್ಲರೂ ಸಮಾಧಾನ ಮಾಡುತ್ತಿದ್ದಾರೆ, ಇಷ್ಟೇ. 1971ರಲ್ಲಿ ಎರಿಕ್ ಡೊನಾಲ್ಡ್‌ಸನ್ ಗೆದ್ದದ್ದೂ ಒಂದು ಪ್ರೇಮಗೀತೆಯಿಂದ. ಮುಂದೆ ರೋಲಿಂಗ್ ಸ್ಟೋನ್ಸ್‌ನಂಥ ದೊಡ್ಡ ತಂಡ ಕೂಡ ಅದನ್ನು ಹಾಡಿತು. ಹುಡುಗಿಯೊಬ್ಬಳನ್ನು ಒಲಿಸಿಕೊಳ್ಳುವ ಹಾಡು ದೇಶದ ಹಬ್ಬದ ಹಾಡಾಗುವುದು ಹೇಗೆಂದು ಕೇಳಿದೆ. ಅಜ್ಜನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. ‘ಸ್ವಾತಂತ್ರ್ಯ ಬಂದಮೇಲೆ ಜನ ಮದುವೆಯಾಗುವುದಿಲ್ಲವೇ?’ ಎಂದರು.

ಈ ದೇಶದ ದುಃಖಗಳು ಅಜ್ಜನಿಗೆ ನನಗಿಂತ ಚೆನ್ನಾಗಿ ಗೊತ್ತು. ಎಪ್ಪತ್ತರ ದಶಕದಲ್ಲಿ ಎರಡು ಪಕ್ಷಗಳ ಬೆಂಬಲಿಗರು ಓಣಿ ಓಣಿಗಳಲ್ಲಿ ಒಬ್ಬರನ್ನೊಬ್ಬರು ಕೊಂದರು. 1978ರ ಏಪ್ರಿಲ್ 22ರಂದು ಅದೇ ರಾಷ್ಟ್ರೀಯ ಕ್ರೀಡಾಂಗಣದ ವೇದಿಕೆಯ ಮೇಲೆ ಬಾಬ್ ಮಾರ್ಲಿ ಪ್ರಧಾನಿ ಮೈಕೆಲ್ ಮ್ಯಾನ್ಲಿ ಮತ್ತು ವಿರೋಧಪಕ್ಷದ ಸಿಯಾಗಾ ಇಬ್ಬರ ಕೈಗಳನ್ನೂ ಎತ್ತಿ ಒಟ್ಟಿಗೆ ಹಿಡಿಸಿದ್ದರೂ, 1980ರ ಚುನಾವಣೆಯ ವರ್ಷದಲ್ಲಿ ನೂರಾರು ಜನ ಸತ್ತರು. ಅವರಲ್ಲಿ ಒಬ್ಬ ಅಜ್ಜನ ತಮ್ಮ. ಅವನಿಗೆ ಇಷ್ಟವಾಗಿದ್ದ ರೆಕಾರ್ಡೂ ಆ ಪೆಟ್ಟಿಗೆಯಲ್ಲಿದೆ. ಅದನ್ನು ಹಾಕುವಾಗ ಅಜ್ಜ ಏನೂ ಹೇಳಲಿಲ್ಲ; ಅದು ತಮ್ಮನದೆಂದು ನನಗೆ ತಿಳಿಸಿದ್ದು ಅವರ ಸೊಸೆ.

ಆಗಸ್ಟ್ 15ರ ಪ್ರಶ್ನೆಯನ್ನು ಕೇಳಿದ್ದು ಇಂಥ ಮನುಷ್ಯ. ಹಾಗಾಗಿಯೇ ಅದನ್ನು ನಗುನಗುತ್ತ ತಳ್ಳಿಹಾಕಲು ನನ್ನಿಂದಾಗಲಿಲ್ಲ.

ನನಗೆ ನೆನಪಾದದ್ದು ನಮ್ಮ ಶಾಲೆಯ ಮೈದಾನ. ನಸುಕಿನಲ್ಲಿ ಪ್ರಭಾತಫೇರಿ, ಹಗ್ಗ ಎಳೆದೊಡನೆ ಬಾವುಟದಿಂದ ಉದುರುವ ಸೇವಂತಿಗೆಯ ಎಸಳು, ಕೊನೆಗೆ ಕೈಗೆ ಬೀಳುವ ಬೂಂದಿಯ ಉಂಡೆ. ಅವೆಲ್ಲ ಇಂದಿಗೂ ಸಿಹಿಯಾದ ನೆನಪುಗಳೇ. ಆದರೆ ಅದರ ಜೊತೆಗೆ ಇನ್ನೊಂದೂ ಇದೆ. ರಾಷ್ಟ್ರಗೀತೆ ಮುಗಿದು, ದೊಡ್ಡ ತರಗತಿಯ ಹುಡುಗಿಯರು ಹಾರ್ಮೋನಿಯಂ ಇಟ್ಟುಕೊಂಡು ದೇಶದ ಹಾಡೊಂದನ್ನು ಹಾಡುತ್ತಿದ್ದಾಗ, ನನ್ನ ಪಕ್ಕದ ಗೆಳತಿ ತನಗರಿವಿಲ್ಲದಂತೆ ಕಾಲಿನಿಂದ ತಾಳ ಹಾಕಿದಳು. ಡ್ರಿಲ್ ಮಾಸ್ತರರು ಬಂದು ಅವಳ ಮೀನಖಂಡಕ್ಕೆ ಬೆತ್ತದಿಂದ ಒಂದು ಕೊಟ್ಟರು. ಬಿಳಿ ಕಾಲುಚೀಲದ ಮೇಲಂಚಿನಲ್ಲಿ ಎದ್ದ ಬಾಸುಂಡೆ ನನ್ನ ಕಣ್ಣಿಗೆ ಈಗಲೂ ಕಾಣುತ್ತದೆ. ಅಂದಿನಿಂದ ನಾನು ಯಾವ ದೇಶಭಕ್ತಿಯ ಹಾಡಿಗೂ ಕಾಲು ಅಲುಗಿಸಿದವಳಲ್ಲ.

ರಾಷ್ಟ್ರಗೀತೆಗೆ ನೆಟ್ಟಗೆ ನಿಲ್ಲುವುದು ನಮ್ಮ ಗೌರವ. ಜಮೈಕಾದವರೂ ತಮ್ಮ ಗೀತೆಗೆ ಹಾಗೆಯೇ ನಿಲ್ಲುತ್ತಾರೆ. ನನ್ನ ಕೊರಗು ಅದರ ನಂತರದ್ದು. ಗೀತೆ ಮುಗಿದಮೇಲೆ ಇವರ ಹಬ್ಬ ಶುರುವಾಗುತ್ತದೆ, ನಾವು ಹತ್ತು ಗಂಟೆಗೆ ಮನೆಗೆ ಹೋಗಿ ಸಮವಸ್ತ್ರ ಬಿಚ್ಚಿಡುತ್ತೇವೆ. ನಮ್ಮವರಿಗೆ ಕುಣಿಯಲು ಬಾರದೆಂದಲ್ಲ. ನವೆಂಬರ್ 1ರಂದು ಓಣಿ ಓಣಿಗಳಲ್ಲಿ ಆರ್ಕೆಸ್ಟ್ರಾ ಕಟ್ಟಿಸಿ ಕನ್ನಡದ ಹಾಡುಗಳಿಗೆ ನಾವು ಮೈಮರೆತು ಕುಣಿಯುತ್ತೇವೆ. ಹಾಗಿದ್ದಮೇಲೆ ಆಗಸ್ಟಿನಲ್ಲಿ ಮಾತ್ರ ಆ ಕಾಲುಗಳನ್ನು ಕಟ್ಟಿಹಾಕಿದವರು ಯಾರು?

ಇದನ್ನೇ ಯೋಚಿಸುತ್ತ ನಿಂತಾಗ ಇದ್ದಕ್ಕಿದ್ದಂತೆ ನಮ್ಮ ಆಯಿಯ ದನಿ ಕಿವಿಗೆ ಬಂತು. ಬೈಲಹೊಂಗಲ ರಾಣಿ ಚೆನ್ನಮ್ಮನ ಸಮಾಧಿ ಇರುವ ಊರು. ಸಂಗೊಳ್ಳಿ ಅದೇ ತಾಲ್ಲೂಕಿನದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನ ಲಾವಣಿಯನ್ನು ಆಯಿ ಬೀಸುಕಲ್ಲಿನ ಮುಂದೆ ಕೂತು ಹಾಡುತ್ತಿದ್ದಳು. ಅವಳ ಅಣ್ಣ ಗೀಗೀ ಮೇಳದಲ್ಲಿ ಡಪ್ಪು ಬಾರಿಸುತ್ತಿದ್ದವನು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ನಮ್ಮ ಕಡೆಯ ಗೀಗೀ ಮೇಳಗಳು ಜಾತ್ರೆ ಜಾತ್ರೆಗಳಲ್ಲಿ ಗಾಂಧಿಯ ಪದ, ಚರಕದ ಪದ ಹಾಡಿ ಜನರನ್ನು ಬಡಿದೆಬ್ಬಿಸಿದ್ದವು. ಡಪ್ಪು, ತುಂತುಣಿ, ತಾಳ, ಮುಂದೆ ಒಬ್ಬ ಹಾಡುಗಾರ, ಹಿಂದೆ ‘ಗೀಗೀ’ ಎಂದು ಎತ್ತಿಕೊಳ್ಳುವ ಇಬ್ಬರು. ಹರದೇಶಿಯವರೂ ನಾಗೇಶಿಯವರೂ ಎದುರುಬದುರು ನಿಂತು ರಾತ್ರಿಯೆಲ್ಲ ಸವಾಲು-ಜವಾಬು ಹಾಡುವಂತೆಯೇ, ಕಿಂಗ್‌ಸ್ಟನ್ನಿನ ಓಣಿಗಳಲ್ಲಿ ರೆಕಾರ್ಡು ಹಾಕಿ ಜನರನ್ನು ಕುಣಿಸುತ್ತಿದ್ದ ಡ್ಯೂಕ್ ರೀಡ್ ಮತ್ತು ಕಾಕ್ಸನ್ ಡಾಡ್ ಅವರ ಧ್ವನಿಪೆಟ್ಟಿಗೆಗಳೂ ಒಂದಕ್ಕೊಂದು ಸವಾಲು ಹಾಕುತ್ತಿದ್ದವೆಂದು ಅಜ್ಜ ಹೇಳಿದ್ದರು. ಕಾಲು ಕಟ್ಟಿಹಾಕದ ಬಿಡುಗಡೆಯ ಹಾಡು ನಮ್ಮಲ್ಲಿಯೂ ಇತ್ತು, ಅದೂ ನಮ್ಮ ಮನೆಯಲ್ಲಿಯೇ. ಶಾಲೆಯ ಮೈದಾನಕ್ಕೆ ಅದನ್ನು ಯಾರೂ ಕರೆಯಲಿಲ್ಲ. ನನ್ನ ಮಗಳಿಗೆ ನಾನೂ ಹೇಳಿಕೊಡಲಿಲ್ಲ.

ಹಾಡಲು ಬಾಯಿ ತೆರೆದರೆ ಎರಡು ಸಾಲಿನ ಆಚೆ ನನಗೇ ಬರಲಿಲ್ಲ. ಅಜ್ಜನನ್ನು ಬೇಲಿಯ ಬಳಿ ನಿಲ್ಲಿಸಿಯೇ ಚಿಗವ್ವನಿಗೆ ಫೋನ್ ಮಾಡಿದೆ. ಅಲ್ಲಿ ಆಗ ಸಂಜೆ ಏಳು. ‘ಅದನ್ನೆಲ್ಲಾ ಈಗ ಯಾರು ಕೇಳ್ತಾರವಾ?’ ಎಂದು ಮೊದಲು ಒಲ್ಲೆನೆಂದಳು. ‘ಇಲ್ಲೊಬ್ಬರು ಕೇಳಲಿಕ್ಕೆ ನಿಂತಿದ್ದಾರೆ, ಚಿಗವ್ವಾ’ ಎಂದೆ. ಸ್ವಲ್ಪ ಹೊತ್ತು ಅತ್ತ ಕಡೆ ಸದ್ದಿರಲಿಲ್ಲ. ಟಿವಿ ಆರಿಸಿದ್ದು ಕೇಳಿಸಿತು, ನೀರು ಕುಡಿದದ್ದು ಕೇಳಿಸಿತು. ಆಮೇಲೆ ಶುರುಮಾಡಿದಳು. ಎಪ್ಪತ್ತರ ದನಿ ಮೊದಲು ನಡುಗಿತು, ಮೂರನೆಯ ನುಡಿಯ ಹೊತ್ತಿಗೆ ಆಯಿಯ ದನಿಯಷ್ಟೇ ಗಟ್ಟಿಯಾಯಿತು.

ಫೋನನ್ನು ಬೇಲಿಯ ಕಂಬದ ತುದಿಯಲ್ಲಿಟ್ಟಿದ್ದೆ. ಅಜ್ಜ ಕಣ್ಣು ಮುಚ್ಚಿ ತಲೆ ಬಾಗಿಸಿ ಕೇಳುತ್ತ ನಿಂತರು. ಒಂದು ನುಡಿ ಕಳೆಯಿತು, ಇನ್ನೊಂದು ಕಳೆಯಿತು. ಆಮೇಲೆ ಅವರ ಬಲಗೈಯ ಎರಡು ಬೆರಳು ಕಬ್ಬಿಣದ ಕಂಬದ ಮೇಲೆ ಮೆಲ್ಲಗೆ ಬಡಿಯತೊಡಗಿದವು, ಪೆಟ್ಟಿನ ಮೇಲಲ್ಲ, ಎರಡು ಪೆಟ್ಟುಗಳ ನಡುವಿನ ಖಾಲಿ ಜಾಗದಲ್ಲಿ. ಮಗಳು ಚಪ್ಪಲಿ ಬಿಟ್ಟು ಹುಲ್ಲಿನ ಮೇಲಿಳಿದಳು. ಅವಳ ಭುಜ ಏಳುವುದನ್ನು ನೋಡುತ್ತ ನೋಡುತ್ತ ನನ್ನ ಕಾಲೂ ನೆಲವನ್ನು ತಟ್ಟುತ್ತಿತ್ತು.

ಚಿಗವ್ವ ನಡುವೆ ಹಾಡು ನಿಲ್ಲಿಸಿದಳು.

‘ಯಾರವಾ ಅಲ್ಲಿ ತಾಳಾ ಹಾಕಾಕತ್ತಾರ?’