ಶನಿವಾರ ಬಂತು ಅಂದ್ರೆ ಟ್ರೈನು
ವಾರವಿಡೀ ಲ್ಯಾಬು, ಅಸೈನ್‌ಮೆಂಟು ಅಂತ ತಲೆ ಕೆಟ್ಟಿರತ್ತೆ, ಶನಿವಾರ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಸ್ಟೇಷನ್‌ಗೆ ಓಡೋದೇ. ಜರ್ಮನಿಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತಿದೆ, 2023ರಲ್ಲಿ ಶುರುವಾದಾಗ ತಿಂಗಳಿಗೆ 49 ಯೂರೋ, ಆಮೇಲೆ ಏರಿಸಿದ್ರು ಬಿಡಿ, ಆದ್ರೂ ದೇಶದ ಎಲ್ಲಾ ಕಡೆ ಲೋಕಲ್ ಟ್ರೈನು, ಬಸ್ಸು, ಟ್ರಾಮ್ ಹತ್ತಬಹುದು, ಐಸಿಇ ಥರದ ಫಾಸ್ಟ್ ಟ್ರೈನ್ ಮಾತ್ರ ಇಲ್ಲ. ನಿಧಾನ ನಿಜ, ಆದ್ರೆ ಕಿಟಕಿ ಸೀಟ್ ಸಿಕ್ರೆ ರೈನ್ ನದಿ ದಂಡೆಲಿ ಒಂದಾದ ಮೇಲೊಂದು ಕೋಟೆ, ದ್ರಾಕ್ಷಿ ತೋಟ, ನಂಗಂತೂ ಇಳಿಯೋದೇ ಬೇಡ ಅನ್ಸಿತ್ತು. ಕಲೋನ್‌ನಲ್ಲಿ ಸ್ಟೇಷನ್ನಿಂದ ಆಚೆ ಬಂದ ಕೂಡ್ಲೇ ಕೆಥೆಡ್ರಲ್ ಎದುರಿಗೇ ನಿಂತಿರತ್ತೆ, 1248ರಲ್ಲಿ ಶುರು ಮಾಡಿ 1880ರಲ್ಲಿ ಮುಗಿಸಿದ್ದಂತೆ (ನನ್ನ ಥೀಸಿಸ್ ಲೇಟು ಅನ್ನೋರಿಗೆ ಇದನ್ನೇ ಹೇಳ್ತೀನಿ). ಗೋಪುರಕ್ಕೆ 533 ಮೆಟ್ಲು, ಅರ್ಧಕ್ಕೇ ಕಾಲು ನಡುಗಕ್ಕೆ ಶುರು. ಭಾನುವಾರ ಅಂಗಡಿ ಬಂದ್ ಅನ್ನೋದು ಮರೆತು ಖಾಲಿ ಫ್ರಿಜ್ ನೋಡ್ಕೊಂಡು ಕೂತಿದ್ದೂ ಆಯ್ತು.